ಔಷಧಿ ಕುಡಿಸುವ ಮೊದಲು ಕಣ್ಣುರೆಪ್ಪೆ ನೋಡಿ

ಸಂತೆಯಲ್ಲಿ ಕುರಿ ಕೊಳ್ಳುವವರು ಹಲ್ಲು ನೋಡುತ್ತಾರೆ, ಬೆನ್ನು ಅದುಮುತ್ತಾರೆ, ಮರಿಯಾದರೆ ಎತ್ತಿ ತೂಕ ಅಂದಾಜು ಮಾಡುತ್ತಾರೆ. ಶಿರಾ ಕಡೆಯ ಒಂದು ಸಂತೆಯಲ್ಲಿ ನಾನು ಕಂಡ ಅಜ್ಜ ಇದ್ಯಾವುದನ್ನೂ ಮಾಡಲಿಲ್ಲ. ಕುರಿಯ ತಲೆಯನ್ನು ಕಂಕುಳಲ್ಲಿ ಒತ್ತಿ ಹಿಡಿದರು. ಹೆಬ್ಬೆರಳಿಂದ ಕೆಳರೆಪ್ಪೆ ಎಳೆದು ಒಳಗಿನ ಬಣ್ಣ ನೋಡಿದರು. "ಬ್ಯಾಡ ಬಿಡಪ್ಪ, ಇದ್ರಾಗೆ ರಕ್ತ ಇಲ್ಲ" ಅಂದು ಮುಂದೆ ಹೋದರು.

ರಕ್ತ ಎಲ್ಲಿ ಹೋಯಿತು? ಬಹುಪಾಲು ಸಲ ಉತ್ತರ ಕುರಿಯ ಹೊಟ್ಟೆಯಲ್ಲೇ ಇರುತ್ತದೆ. ಕುರಿಯ ಹೊಟ್ಟೆಯಲ್ಲಿ ನಾಲ್ಕು ಭಾಗ. ಜೀರ್ಣರಸ ಸುರಿಯುವ ನಾಲ್ಕನೆಯ ಭಾಗದಲ್ಲಿ ಹೀಮಾಂಕಸ್ ಕಂಟಾರ್ಟಸ್ ಎಂಬ ಜಂತುಹುಳು ಮನೆ ಮಾಡುತ್ತದೆ. ಹೆಣ್ಣು ಹುಳು 2ರಿಂದ 3 ಸೆಂಟಿಮೀಟರ್ ಉದ್ದ, ದಪ್ಪ ಮಾತ್ರ ಹೊಲಿಗೆ ದಾರದಷ್ಟು. ರಕ್ತ ತುಂಬಿದ ಕೆಂಪು ಕರುಳು, ಅದರ ಸುತ್ತ ಹೊಸೆದುಕೊಂಡ ಬಿಳಿ ಅಂಡಾಶಯ. ಪರದೇಶಗಳ ಹಳೇ ಕ್ಷೌರದಂಗಡಿಗಳ ಮುಂದೆ ಇರುವ ಕೆಂಪು-ಬಿಳಿ ಪಟ್ಟೆಯ ಕಂಬದ ಹಾಗೆ. ಅದಕ್ಕೇ ಇಂಗ್ಲಿಷಿನಲ್ಲಿ ಇದನ್ನು 'ಬಾರ್ಬರ್ಸ್ ಪೋಲ್' ಹುಳು ಅನ್ನುತ್ತಾರೆ.

ಒಂದು ಹುಳುವಿನಿಂದ ಕುರಿ ಕಳೆದುಕೊಳ್ಳುವ ರಕ್ತ ದಿನಕ್ಕೆ ಸುಮಾರು 0.05 ಮಿಲಿಲೀಟರ್. ಇಷ್ಟೇನಾ ಅನಿಸುತ್ತದೆ ಅಲ್ವಾ? ಲೆಕ್ಕ ಹಾಕಿ. ಹುಳುಗಳು 2,000 ಇದ್ದರೆ ದಿನಕ್ಕೆ 100 ಮಿಲಿಲೀಟರ್. 30 ಕೆಜಿ ತೂಗುವ ಕುರಿಯ ಮೈಯಲ್ಲಿ ಇರುವ ರಕ್ತವೇ ಹೆಚ್ಚುಕಮ್ಮಿ ಎರಡು ಲೀಟರ್. ಜೊತೆಗೆ ಒಂದೊಂದು ಹೆಣ್ಣು ಹುಳು ದಿನಕ್ಕೆ 5,000ಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಅಂಥವು ಸಾವಿರ ಇದ್ದರೆ ಆ ಒಂದೇ ಕುರಿ ದಿನಕ್ಕೆ 50 ಲಕ್ಷ ಮೊಟ್ಟೆಗಳನ್ನು ಹಿಕ್ಕೆಯ ಜೊತೆ ಉದುರಿಸಿಕೊಂಡು ಹೋಗುತ್ತದೆ.

ಜಂತುಹುಳು ಅಂದರೆ ಭೇದಿ ಆಗಲೇಬೇಕು ಅಂತ ಜನ ಕಾಯುತ್ತಾರೆ. ಈ ಹುಳುವಿನ ವಿಷಯದಲ್ಲಿ ಹಾಗೆ ಕಾಯುವುದೇ ಮೋಸ. ಹಿಕ್ಕೆ ಸಾಮಾನ್ಯವಾಗಿ ಗಟ್ಟಿಯಾಗೇ ಇರುತ್ತದೆ. ಕುರಿ ಮಂದೆಯಲ್ಲಿ ಹಿಂದೆ ಬೀಳುತ್ತದೆ, ಓಡಿಸಿದರೆ ಏದುಸಿರು ಬಿಡುತ್ತದೆ, ಒಸಡು ಬಿಳಿಚಿಕೊಳ್ಳುತ್ತದೆ. ಆಮೇಲೆ ಗದ್ದದ ಕೆಳಗೆ ಮೆತ್ತನೆಯ ಊತ. ರಕ್ತದಲ್ಲಿ ಪ್ರೋಟೀನ್ ಕಡಿಮೆಯಾದಾಗ ನೀರು ರಕ್ತನಾಳದಿಂದ ಹೊರಗೆ ಜಿನುಗುತ್ತದೆ. ದಿನವೆಲ್ಲಾ ತಲೆ ತಗ್ಗಿಸಿ ಮೇಯುವ ಪ್ರಾಣಿ, ಹಾಗಾಗಿ ಆ ನೀರು ಗದ್ದಕ್ಕೆ ಇಳಿಯುತ್ತದೆ. ಸಂಜೆ ಚೀಲದಂತೆ ಜೋತಾಡುವ ಊತ ಎಷ್ಟೋ ಸಲ ಬೆಳಗಿನ ಹೊತ್ತಿಗೆ ಇಳಿದಿರುತ್ತದೆ. ಬೆಳಿಗ್ಗೆ ಮಾತ್ರ ಮಂದೆ ನೋಡುವವರಿಗೆ ಇದು ಕಾಣುವುದೇ ಇಲ್ಲ. ಹುಳು ವಿಪರೀತವಾದಾಗ ಊತವೂ ಇಲ್ಲ, ಏನೂ ಇಲ್ಲ. "ನಿನ್ನೆ ಚೆನ್ನಾಗೇ ಮೇಯ್ತಿತ್ತು" ಅನ್ನುವ ಮಾತು ಬರುವುದು ಆಗಲೇ.

ಮೊಟ್ಟೆ ಹಿಕ್ಕೆಯೊಳಗೆ ಒಡೆದು, ಮಳೆಗಾಲದ ಬೆಚ್ಚನೆಯ ಹಸಿಯಲ್ಲಿ ಮರಿಹುಳು ಸುಮಾರು ಒಂದು ವಾರದಲ್ಲಿ ಸಿದ್ಧವಾಗುತ್ತದೆ. ಆ ಹಂತದಲ್ಲಿ ಅದು ಏನನ್ನೂ ತಿನ್ನಲಾರದು. ಮೈಮೇಲೆ ಹಳೇ ಪೊರೆ ಮುಚ್ಚಿರುತ್ತದೆ, ಒಳಗಿನ ಬುತ್ತಿ ಮುಗಿಯುವಷ್ಟರಲ್ಲಿ ಯಾವುದಾದರೂ ಕುರಿಯ ಬಾಯಿ ಸೇರಬೇಕು. ಎಲೆಯ ಮೇಲಿನ ನೀರಿನ ಪದರದಲ್ಲಿ ಈಜಿ ಹುಲ್ಲು ಹತ್ತುತ್ತದೆ. ಆದರೆ ಬಹಳ ಮೇಲೆ ಹೋಗುವುದಿಲ್ಲ, ಹೆಚ್ಚಿನವು ಬುಡದ ಎರಡು ಮೂರು ಇಂಚಿನಲ್ಲೇ ಇರುತ್ತವೆ. ನೆಲ ನುಣ್ಣಗಾಗುವ ಹಾಗೆ ಮೇಯಿಸಿದ ಬೀಳೇ ಜಾಸ್ತಿ ಅಪಾಯ ಅನ್ನುವುದು ಇದಕ್ಕೆ. ಗಿಡದ ಸೊಪ್ಪು ಎಟುಕಿಸಿ ತಿನ್ನುವ ಮೇಕೆಗೆ ಈ ಕಾಟ ಕಡಿಮೆ. ಅದೇ ಮೇಕೆಯನ್ನು ಹುಲ್ಲಿಗೆ ಬಿಟ್ಟರೆ ಕುರಿಗಿಂತ ಹೆಚ್ಚು ಸೋಲುತ್ತದೆ. ಇನ್ನು ಹೊರಗೆ ಒಣಹವೆ ಇರುವಾಗ, ನುಂಗಿದ ಮರಿಹುಳು ಹೊಟ್ಟೆಯ ಒಳಪದರದಲ್ಲಿ ಬೆಳವಣಿಗೆ ನಿಲ್ಲಿಸಿ ತಿಂಗಳುಗಟ್ಟಲೆ ಮಲಗಿಬಿಡಬಲ್ಲದು. ಮಳೆ ಬರುವ ಹೊತ್ತಿಗೆ ಏಳುತ್ತದೆ.

ಔಷಧಿ ಇಲ್ವಾ? ಇದೆ. 1961ರಲ್ಲಿ ಥಯಾಬೆಂಡಜೋಲ್ ಬಂದಾಗ ಕಥೆ ಮುಗಿಯಿತು ಅಂದುಕೊಂಡರು. 1964ಕ್ಕೇ ಅಮೆರಿಕದಿಂದ ಅದಕ್ಕೆ ಬಗ್ಗದ ಹುಳುಗಳ ವರದಿ ಬಂತು. ಮುಂದೆ ಬಂದ ಐವರ್ಮೆಕ್ಟಿನ್‌ಗೂ ಇದೇ ಗತಿಯಾಯಿತು. ಇದರಲ್ಲಿ ನಮ್ಮ ಅಭ್ಯಾಸದ ಪಾಲೂ ಇದೆ. ಮಂದೆಗೆ ಮಂದೆಯನ್ನೇ ಸಾಲಾಗಿ ನಿಲ್ಲಿಸಿ, ತೂಕ ನೋಡದೆ, ಒಂದೇ ಔಷಧಿಯನ್ನು ಸುಮ್ನೆ ಕುಡಿಸುತ್ತಾ ಹೋದರೆ ಬದುಕುಳಿಯುವುದು ಜಗ್ಗದ ಹುಳು ಮಾತ್ರ. ಮುಂದಿನ ಪೀಳಿಗೆಯೆಲ್ಲ ಅದರ ಸಂತಾನ.

ಇಲ್ಲಿ ಅಜ್ಜನ ಹೆಬ್ಬೆರಳು ನೆನಪಾಗುತ್ತದೆ. 1990ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಪಶುವೈದ್ಯ ಫಾಫಾ ಮಲಾನ್ ಮತ್ತು ಸಂಗಡಿಗರು ಇದೇ ನೋಟಕ್ಕೆ ಒಂದು ಬಣ್ಣದ ಕಾರ್ಡು ಮಾಡಿದರು. ಹೆಸರು ಫಮಾಚಾ. ಅಚ್ಚಕೆಂಪಿನಿಂದ ಬಿಳಿಯವರೆಗೆ ಐದು ಬಣ್ಣ. ಹಗಲಿನ ಬೆಳಕಲ್ಲಿ ರೆಪ್ಪೆಯ ಒಳಭಾಗವನ್ನು ಕಾರ್ಡಿಗೆ ಹೋಲಿಸಬೇಕು. 4 ಮತ್ತು 5 ಬಂದ ಕುರಿಗೆ ಔಷಧಿ, 1 ಮತ್ತು 2ಕ್ಕೆ ಬೇಡ. 3 ಬಂದರೆ ಮರಿಯೋ, ಗಬ್ಬದ ಕುರಿಯೋ ನೋಡಿ ನಿರ್ಧರಿಸಬೇಕು. ಮಂದೆಯ ಹೆಚ್ಚಿನ ಹುಳುಗಳು ಕೆಲವೇ ಕುರಿಗಳಲ್ಲಿ ಇರುವುದರಿಂದ ಇದು ಸಾಕಾಗುತ್ತದೆ. ಔಷಧಿ ಕುಡಿಯದ ಕುರಿಗಳಲ್ಲಿ ಔಷಧಿಗೆ ಸಾಯಬಲ್ಲ ಹುಳುಗಳು ಉಳಿಯುತ್ತವೆ, ಜಗ್ಗದವುಗಳ ಜೊತೆ ಬೆರೆತು ಅವುಗಳ ಬಲ ತೆಳುವಾಗಿಸುತ್ತವೆ. ಒಂದಷ್ಟು ಹುಳು ಉಳಿಸಿಕೊಳ್ಳಿ ಅಂತ ಕುರಿಗಾರರಿಗೆ ಹೇಳುವುದು ಕಷ್ಟವೇ, ಆದರೆ ಔಷಧಿ ಇನ್ನೊಂದಿಷ್ಟು ವರ್ಷ ಕೆಲಸ ಮಾಡಬೇಕಿದ್ದರೆ ಇದೇ ದಾರಿ. ಕಾರ್ಡು ಬಿಸಿಲಿಗೆ ಬಣ್ಣ ಬಿಡುತ್ತದೆ, ಕತ್ತಲಲ್ಲಿ ಇಡಬೇಕು. ರಕ್ತ ಕುಡಿಯದ ಬೇರೆ ಜಂತುಗಳನ್ನು ಇದು ತೋರಿಸುವುದೂ ಇಲ್ಲ.

2014ರಲ್ಲಿ ಆಸ್ಟ್ರೇಲಿಯಾದಲ್ಲಿ ಒಂದು ಲಸಿಕೆಯೂ ಬಂತು, ಬಾರ್ಬರ್‌ವ್ಯಾಕ್ಸ್. ಹಿಂದಿನ ಸಂಶೋಧನೆ ಸ್ಕಾಟ್ಲೆಂಡಿನ ಮೊರೆಡನ್ ಸಂಸ್ಥೆಯದು. ಉಪಾಯ ಮಜವಾಗಿದೆ. ಹುಳುವಿನ ಕರುಳಿನ ಪ್ರೋಟೀನನ್ನೇ ಕುರಿಗೆ ಚುಚ್ಚುತ್ತಾರೆ. ಕುರಿಯ ರಕ್ತದಲ್ಲಿ ಅದರ ವಿರುದ್ಧ ಪ್ರತಿಕಾಯಗಳು ಹುಟ್ಟುತ್ತವೆ. ಹುಳು ಆ ರಕ್ತ ಕುಡಿದರೆ ಅದರ ಕರುಳೇ ಕೆಲಸ ನಿಲ್ಲಿಸುತ್ತದೆ. ಮೊದಲು ಮೂರು ಚುಚ್ಚುಮದ್ದು, ಆಮೇಲೆ ಹುಳುವಿನ ಕಾಲ ಮುಗಿಯುವವರೆಗೆ ಆರು ವಾರಕ್ಕೊಂದು. ಇದನ್ನು ತಯಾರಿಸಲು ಬೇಕಾದ ಹುಳು ಪ್ರಯೋಗಾಲಯದ ಸೀಸೆಯಲ್ಲಿ ಬೆಳೆಯುವುದಿಲ್ಲ. ಬೇರೆ ಕುರಿಗಳ ಹೊಟ್ಟೆಯಲ್ಲೇ ಬೆಳೆಸಿ, ಅವನ್ನು ಕೊಯ್ದಾಗ ತೆಗೆಯಬೇಕು.