ಕೊನೆಯ ಬೆಂಚಿನಲ್ಲಿ ಕೂತು ನೋಡಿ

ತರಗತಿ ಸರಿಮಾಡಿಕೊಡಿ ಎಂದು ಯಾವ ಶಾಲೆ ಕರೆದರೂ ನಾನು ಟೇಪು ಹಿಡಿಯುವ ಮೊದಲು ಕೊನೆಯ ಬೆಂಚಿಗೆ ಹೋಗಿ ಕೂರುತ್ತೇನೆ. ಮಧ್ಯಾಹ್ನದ ಊಟವಾದ ಮೇಲೆ, ಪಾಠ ನಡೆಯುತ್ತಿರುವಾಗಲೇ.

ರಾಯಚೂರು ಕಡೆಯ ಒಂದು ಶಾಲೆಯಲ್ಲಿ ಹೀಗೇ ಕೂತಿದ್ದೆ. ಅವರು ಕೇಳಿದ್ದು ಸ್ಮಾರ್ಟ್ ಬೋರ್ಡ್ ಎಲ್ಲಿ ಹಾಕೋಣ ಎಂದು. ನನಗೆ ಮೇಷ್ಟ್ರ ಮಾತೇ ತಿಳಿಯುತ್ತಿರಲಿಲ್ಲ. ಅವರು ಜೋರಾಗಿಯೇ ಹೇಳುತ್ತಿದ್ದರು, ಪಾಪ. ಆದರೆ ಸಿಮೆಂಟ್ ಗೋಡೆ, ಆರ್‌ಸಿಸಿ ತಾರಸಿ, ಟೈಲ್ಸ್ ನೆಲ. ದನಿ ಹೀರಿಕೊಳ್ಳುವಂಥದ್ದು ಒಂದೂ ಇಲ್ಲ. ಒಂದು ಪದದ ಸದ್ದು ಅಡಗುವ ಮೊದಲೇ ಮುಂದಿನ ಪದ ಅದರ ಮೇಲೆ ಬೀಳುತ್ತಿತ್ತು. ಗುಣಾಕಾರವೋ ಭಾಗಾಕಾರವೋ ಗೊತ್ತಾಗದ ಮಗುವನ್ನು ದಡ್ಡ ಎನ್ನುವುದು ಅನ್ಯಾಯ ಅಲ್ವಾ?

ಸಾಮಾನ್ಯ ಅಳತೆಯ ತರಗತಿಯಲ್ಲಿ ಈ ಅನುರಣನ, ಅಂದರೆ ಸದ್ದು ಗೋಡೆಗೆ ಬಡಿದು ಅಡಗದೆ ಉಳಿಯುವ ಹೊತ್ತು, 0.6 ಸೆಕೆಂಡ್ ದಾಟಬಾರದು ಎನ್ನುತ್ತದೆ ಅಮೆರಿಕದ ಶಾಲಾ ಮಾನದಂಡ. ಮೊದಲ ಪರೀಕ್ಷೆಗೆ ಯಂತ್ರ ಬೇಡ. ಖಾಲಿ ಕೋಣೆಯಲ್ಲಿ ಒಂದು ಚಪ್ಪಾಳೆ ತಟ್ಟಿ. ಗುಂಯ್ ಎಂದು ಎಳೆದರೆ ಹಿಂದಿನ ಗೋಡೆಯಿಡೀ ದಪ್ಪನೆಯ ಸಾಫ್ಟ್‌ಬೋರ್ಡ್ ಹಾಕಿಸಿ. ಮಕ್ಕಳ ಚಿತ್ರ ಚುಚ್ಚಲೂ ಆಯಿತು. ಅಷ್ಟಕ್ಕೂ ಸಾಲದಿದ್ದರೆ ಸೂರಿನ ಒಳಮೈಗೂ ದನಿ ಹೀರುವ ಹಲಗೆ ಬೇಕು.

ಇನ್ನು ಸೆಕೆ. ಬಿಸಿಲು ಕುಡಿದ ಕಾಂಕ್ರೀಟ್ ತಾರಸಿ ಮಧ್ಯಾಹ್ನವಿಡೀ ಕೆಳಗೆ ಕಾವು ಇಳಿಸುತ್ತದೆ. ಫ್ಯಾನು ಅದೇ ಬಿಸಿಗಾಳಿಯನ್ನು ತಿರುಗಿಸುತ್ತದೆ. ಬೇಸಿಗೆಗೆ ಮುಂಚೆ ತಾರಸಿಗೆ ಬಿಳಿ ಸುಣ್ಣ ಬಳಿಸಿ. ಮಳೆಗೆ ತೊಳೆದುಹೋಗುತ್ತದೆ, ಹಾಗಾಗಿ ಪ್ರತಿ ವರ್ಷ ಬಳಿಯಬೇಕು. ಎದುರುಬದುರು ಕಿಟಕಿ, ಮೇಲೆ ವೆಂಟಿಲೇಟರ್ ಇರಲಿ. ಹಳೆಯ ಮಂಗಳೂರು ಹೆಂಚಿನ ಶಾಲೆಗಳಲ್ಲಿ ಎತ್ತರದ ಮಾಡು, ಹೆಂಚಿನ ಸಂದಿ ಈ ಕೆಲಸವನ್ನು ಸುಮ್ನೆ ಮಾಡಿಬಿಡುತ್ತಿದ್ದವು.

ಹೊಸದಾಗಿ ಕಟ್ಟುವವರು ಕೋಣೆಯ ಉದ್ದದ ಬದಿಗಳನ್ನು ಉತ್ತರ, ದಕ್ಷಿಣಕ್ಕೆ ಇಟ್ಟರೆ ಅರ್ಧ ಕಷ್ಟ ಕಟ್ಟುವಾಗಲೇ ಕಳೆಯುತ್ತದೆ. ಬೆಳಕು ಎಡಗಡೆಯಿಂದ ಬರಲಿ ಎನ್ನುವುದು ಹಳೆಯ ರೂಢಿ. ಬಲಗೈಯಲ್ಲಿ ಬರೆಯುವ ಮಗುವಿನ ನೋಟ್‌ಬುಕ್ ಮೇಲೆ ನೆರಳು ಬೀಳದಿರಲಿ ಎಂದು. ಎಡಗೈ ಮಕ್ಕಳೂ ಇದ್ದಾರೆ. ಅದಕ್ಕೇ ನಾನು ಎರಡೂ ಕಡೆ ಕಿಟಕಿ ಕೇಳುತ್ತೇನೆ.

ರಾಯಚೂರಿನ ಆ ಕೋಣೆಗೆ ಪಶ್ಚಿಮಕ್ಕೆ ದೊಡ್ಡ ಕಿಟಕಿ. ಇಳಿಬಿಸಿಲು ನೇರ ಬೋರ್ಡಿಗೆ ಬಡಿದು, ಮೂರು ಗಂಟೆಗೆ ಬರೆದದ್ದು ಕಾಣುತ್ತಲೇ ಇರಲಿಲ್ಲ. ಸೂರ್ಯ ಅಷ್ಟು ಕೆಳಗಿದ್ದಾಗ ಸಜ್ಜಾ ಕಟ್ಟಿದರೂ ತಡೆಯುವುದಿಲ್ಲ. ಆಚೆ ಎರಡು ಬೇವಿನ ಸಸಿ ನೆಟ್ಟೆವು. ಅವು ಎತ್ತರವಾಗುವ ತನಕ ಕಿಟಕಿಗೆ ಚಾಪೆ ಇಳಿಬಿಟ್ಟಿದ್ದಾರೆ.