ಆದಿವಾಸಿಗಳ ಕಥೆಯನ್ನು ಹೊರಗಿನವರು ಹೇಳಬಾರದಾ?

ಓದುಗರ ಪ್ರಶ್ನೆ: "ಆದಿವಾಸಿಗಳ ಬಗ್ಗೆ ಕಿರುಚಿತ್ರ ಮಾಡಬೇಕು ಅಂತಿದ್ದೇನೆ. ಅವರ ಕಥೆ ಅವರೇ ಹೇಳಬೇಕು, ಹೊರಗಿನವರು ಕೈ ಹಾಕಬಾರದು ಅಂತ ಕೆಲವರು ಹೇಳ್ತಾರೆ. ಒಳ್ಳೆಯ ಮನಸ್ಸಿನಿಂದ ಮಾಡಿದರೂ ತಪ್ಪಾ?"

ತಪ್ಪಲ್ಲ, ಮಾಡಬಹುದು. ಆದರೆ ಒಳ್ಳೆಯ ಮನಸ್ಸು ಒಂದೇ ಸಾಲದು. ಆದಿವಾಸಿಗಳನ್ನು ಕೆಟ್ಟದಾಗಿ ತೋರಿಸಿದ ಸಿನಿಮಾಗಳ ತಪ್ಪು ಯಾರಿಗಾದರೂ ಕಾಣುತ್ತದೆ. ಎಲೆ ಸುತ್ತಿಕೊಂಡು, ಬೆಂಕಿ ಸುತ್ತ ಕುಣಿಯುತ್ತಾ, ನಾಯಕನನ್ನು ಕಂಬಕ್ಕೆ ಕಟ್ಟುವ ಜನ ಇರುವ ಸಿನಿಮಾಗಳನ್ನು ನಾವೆಲ್ಲ ನೋಡಿದ್ದೇವೆ. ನನಗೆ ಜಾಸ್ತಿ ಚಿಂತೆ ಇರುವುದು ಮೆಚ್ಚಿಕೊಂಡು, ಪ್ರೀತಿಯಿಂದ ತೋರಿಸಿದ ಚಿತ್ರಗಳ ಬಗ್ಗೆ. ಅಲ್ಲಿ ಆಗುವ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ಎಲ್ಲಕ್ಕಿಂತ ದೊಡ್ಡ ಉದಾಹರಣೆ ಕೆನಡಾದ ಉತ್ತರದಲ್ಲಿದೆ.

1922ರಲ್ಲಿ 'ನಾನೂಕ್ ಆಫ್ ದ ನಾರ್ತ್' ಎಂಬ ಮೂಕಿ ಚಿತ್ರ ಬಂತು. ಅಮೆರಿಕದ ರಾಬರ್ಟ್ ಫ್ಲಾಹರ್ಟಿ ಇದನ್ನು ಕ್ವೆಬೆಕ್ ಪ್ರಾಂತ್ಯದ ಉತ್ತರದಲ್ಲಿ, ಹಡ್ಸನ್ ಕೊಲ್ಲಿಯ ದಡದ ಇನುಕ್‌ಜುವಾಕ್ ಸುತ್ತಮುತ್ತ ಮಾಡಿದರು. ನಮ್ಮ ಹಳೆಯ ಪಠ್ಯಪುಸ್ತಕಗಳಲ್ಲಿ ಎಸ್ಕಿಮೋ ಎಂದು ಓದಿದ್ದೆವಲ್ಲ, ಆ ಇನ್ಯೂಟ್ ಜನರ ಬದುಕಿನ ಚಿತ್ರ ಇದು. ದುಡ್ಡು ಹಾಕಿದ್ದು ತುಪ್ಪಳದ ವ್ಯಾಪಾರ ಮಾಡುತ್ತಿದ್ದ ಒಂದು ಫ್ರೆಂಚ್ ಕಂಪನಿ. ಸಾಕ್ಷ್ಯಚಿತ್ರ ಎಂಬ ಪ್ರಕಾರ ಶುರುವಾಗಿದ್ದೇ ಇಲ್ಲಿಂದ ಎಂದು ಸಿನಿಮಾ ಪಾಠಗಳಲ್ಲಿ ಹೇಳಿಕೊಡುತ್ತಾರೆ.

ಆದರೆ ಅದರಲ್ಲಿರುವ ನಾನೂಕ್‌ನ ನಿಜವಾದ ಹೆಸರು ಅಲ್ಲಾಕಾರಿಯಲ್ಲಾಕ್. ಅವರ ಹೆಂಡತಿ ಎಂದು ತೋರಿಸಿದ ಹೆಂಗಸು ಅವರ ಹೆಂಡತಿ ಅಲ್ಲ. ಆ ಹೊತ್ತಿಗೆ ಅಲ್ಲಿನ ಬೇಟೆಗಾರರು ಬಂದೂಕು ಬಳಸುತ್ತಿದ್ದರು, ಚಿತ್ರಕ್ಕಾಗಿ ಈಟಿ ಹಿಡಿದರು. ಇಗ್ಲೂ ಅಂದರೆ ಹಿಮದ ಮನೆ, ಅದರ ಒಳಗೆ ಕ್ಯಾಮೆರಾಕ್ಕೆ ಬೆಳಕು ಸಾಲದು ಎಂದು ದೊಡ್ಡದೊಂದು ಇಗ್ಲೂ ಕಟ್ಟಿಸಿ ಅರ್ಧ ಭಾಗ ಕತ್ತರಿಸಿ ತೆರೆದಿಟ್ಟರು. ಆ ಗಾಳಿಯಲ್ಲಿ, ಆ ಚಳಿಯಲ್ಲಿ 'ಕುಟುಂಬ' ಮಲಗಿ ಏಳುವ ದೃಶ್ಯ ತೆಗೆದರು. ಇನ್ನೊಂದು ದೃಶ್ಯದಲ್ಲಿ ವ್ಯಾಪಾರಿಯ ಅಂಗಡಿಯಲ್ಲಿ ನಾನೂಕ್ ಗ್ರಾಮಫೋನ್ ನೋಡಿ ಬೆರಗಾಗಿ ತಟ್ಟೆಯನ್ನು ಕಚ್ಚಿ ನೋಡುತ್ತಾನೆ. ಗ್ರಾಮಫೋನ್ ಅಂದರೆ ಏನು ಅಂತ ಅಲ್ಲಾಕಾರಿಯಲ್ಲಾಕ್ ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದು ನಟನೆ.

ಇದೆಲ್ಲ ನಡೆಯುತ್ತಿದ್ದಾಗ ತೆರೆಯ ಹಿಂದೆ ಏನಿತ್ತು ಗೊತ್ತಾ? ಫಿಲಂ ತೊಳೆಯುವುದಕ್ಕೆ, ಕ್ಯಾಮೆರಾ ಬಿಚ್ಚಿ ರಿಪೇರಿ ಮಾಡುವುದಕ್ಕೆ ಕೈ ಜೋಡಿಸಿದ್ದವರು ಇದೇ ಇನ್ಯೂಟರು. ಬೇಟೆಯ ದೃಶ್ಯ ಹೇಗಿರಬೇಕು ಎಂಬ ಯೋಚನೆಯಲ್ಲೂ ಅವರ ಪಾಲಿತ್ತು. ಯಂತ್ರ ಅರಿತ ಜನರನ್ನು ಯಂತ್ರ ನೋಡಿ ಬೆಚ್ಚುವವರಂತೆ ಜಗತ್ತಿಗೆ ತೋರಿಸಿದ್ದು ನನಗೆ ಇವತ್ತಿಗೂ ನೋವು ಕೊಡುತ್ತದೆ.

ಫ್ಲಾಹರ್ಟಿ ಅವರಿಗೆ ದ್ವೇಷ ಇರಲಿಲ್ಲ. ಆ ಜನರ ಹಳೆಯ ಬದುಕು ಮರೆಯಾಗುವ ಮೊದಲು ಅದರ ಘನತೆಯನ್ನು ಹಿಡಿದಿಡಬೇಕು ಎಂಬುದು ಅವರ ಆಸೆ. ಆದರೆ ಅದಕ್ಕಾಗಿ ಅವರು ತೆಗೆದುಹಾಕಿದ್ದು ಆ ಜನರ ಇವತ್ತನ್ನು. ಬಂದೂಕು, ವ್ಯಾಪಾರ, ತುಪ್ಪಳದ ಕಂಪನಿ ಜೊತೆಗಿನ ಲೆಕ್ಕಾಚಾರ, ಸಾಲ, ಹೊರಗಿನಿಂದ ಬಂದ ಕಾಯಿಲೆ, ಇವೆಲ್ಲ ಹೋಗಿ ಉಳಿದಿದ್ದು ಹಿಮ, ನಗು ಮತ್ತು ಈಟಿ. ಚಿತ್ರ ಬಂದ ಕೆಲವೇ ವರ್ಷಗಳಲ್ಲಿ ಅಲ್ಲಾಕಾರಿಯಲ್ಲಾಕ್ ತೀರಿಕೊಂಡರು. ಬೇಟೆಗೆ ಹೋಗಿ ಹಸಿವಿನಿಂದ ಸತ್ತರು ಎಂದು ಫ್ಲಾಹರ್ಟಿ ಬರೆದರು. ಬಹುಶಃ ಕ್ಷಯದಿಂದ ಸತ್ತರು ಎಂಬುದು ಈಗ ಹೆಚ್ಚಿನವರ ಅಭಿಪ್ರಾಯ. ಸಾವು ಕೂಡ ಸಿನಿಮಾದ ಕಥೆಗೆ ಹೊಂದುವ ಹಾಗೆ ಬದಲಾಯಿತು.

"ಸಿನಿಮಾ ತಾನೇ, ಅದರಿಂದ ಏನಾಯ್ತು?" ಅಂತ ಕೇಳಬಹುದು. 1953 ಮತ್ತು 1955ರಲ್ಲಿ ಕೆನಡಾ ಸರ್ಕಾರ ಇದೇ ಇನುಕ್‌ಜುವಾಕ್‌ನ ಕುಟುಂಬಗಳನ್ನು ಸುಮಾರು 2000 ಕಿಲೋಮೀಟರ್ ಉತ್ತರಕ್ಕೆ, ತಿಂಗಳುಗಟ್ಟಲೆ ಸೂರ್ಯನೇ ಕಾಣದ ಗ್ರೀಸ್ ಫ್ಯೋರ್ಡ್ ಮತ್ತು ರೆಸೊಲ್ಯೂಟ್ ಎಂಬ ಜಾಗಗಳಿಗೆ ಸಾಗಿಸಿತು. ಅಲ್ಲಿ ಬೇಟೆ ಜಾಸ್ತಿ ಇದೆ, ಹಳೆಯ ಹಾಗೆ ಸ್ವತಂತ್ರವಾಗಿ ಬದುಕಬಹುದು, ಬೇಡ ಅನ್ನಿಸಿದರೆ ಎರಡು ವರ್ಷದ ಮೇಲೆ ವಾಪಸ್ ಬರಬಹುದು ಎಂದು ಹೇಳಿತ್ತು. ವಾಪಸ್ ಕರೆತರುವ ಮಾತನ್ನು ಉಳಿಸಿಕೊಳ್ಳಲಿಲ್ಲ. ಹಾಗೆ ಹೋದವರಲ್ಲಿ ಜೋಸೆಫಿ ಫ್ಲಾಹರ್ಟಿ ಕೂಡ ಒಬ್ಬರು. ಚಿತ್ರೀಕರಣದ ದಿನಗಳಲ್ಲಿ ಫ್ಲಾಹರ್ಟಿಗೆ ಒಬ್ಬ ಇನ್ಯೂಟ್ ಮಹಿಳೆಯಲ್ಲಿ ಹುಟ್ಟಿದ ಮಗ. ಅಪ್ಪ ಅವರನ್ನು ಮಗ ಎಂದು ಒಪ್ಪಿಕೊಳ್ಳಲೇ ಇಲ್ಲ. ಸರ್ಕಾರ ಕ್ಷಮೆ ಕೇಳಿದ್ದು 2010ರಲ್ಲಿ. ಈ ಸ್ಥಳಾಂತರಕ್ಕೆ ಸಿನಿಮಾವೇ ಕಾರಣ ಅಂತ ನಾನು ಹೇಳುತ್ತಿಲ್ಲ. ಆದರೆ ಒಂದು ಜನ ಹಿಮದಲ್ಲಿ ಎಲ್ಲಿ ಬಿಟ್ಟರೂ ನಗುತ್ತಾ ಬದುಕಿಕೊಳ್ಳುತ್ತಾರೆ ಎಂಬ ನಂಬಿಕೆ ಹೊರಗಿನವರ ತಲೆಯಲ್ಲಿ ಗಟ್ಟಿಯಾಗಿ ಕೂತಿದ್ದರೆ, ಇಂಥ ಆದೇಶಕ್ಕೆ ಸಹಿ ಹಾಕುವುದು ಸುಲಭವಾಗುತ್ತದೆ, ಅಲ್ವಾ?

ಇದೇ ಫ್ಲಾಹರ್ಟಿ ಮುಂದೆ ನಮ್ಮ ಮೈಸೂರಿಗೂ ಬಂದಿದ್ದರು. 1937ರ 'ಎಲಿಫೆಂಟ್ ಬಾಯ್' ಚಿತ್ರದ ಹೊರಾಂಗಣ ಭಾಗ ಇಲ್ಲೇ ತೆಗೆದದ್ದು. ಅದರಲ್ಲಿ ನಟಿಸಿದ ಸಾಬು ಎಚ್.ಡಿ. ಕೋಟೆ ಕಡೆಯ ಕಾರಾಪುರದ ಮಾವುತನ ಮಗ. ಹಾಲಿವುಡ್‌ಗೆ ಹೋದ ಮೇಲೂ ಅವರಿಗೆ ಸಿಕ್ಕಿದ್ದು ಬಹುಪಾಲು ಕಾಡಿನ ಹುಡುಗ, ಪೂರ್ವದೇಶದ ಹುಡುಗ ಇಂಥ ಪಾತ್ರಗಳೇ.

ಈಗ ಇನ್ಯೂಟರೇ ಕ್ಯಾಮೆರಾ ಹಿಡಿದ ಕಥೆ. ಕೆನಡಾದ ಉತ್ತರದಲ್ಲಿರುವ ಇಗ್ಲೂಲಿಕ್ ಎಂಬ ಇನ್ಯೂಟರ ಪುಟ್ಟ ಊರು 1970ರ ದಶಕದಲ್ಲಿ ಎರಡು ಸಲ ಮತ ಹಾಕಿ ಟಿವಿ ಬೇಡ ಎಂದಿತು. ಕಾರಣ ಸರಳ: ಅದರಲ್ಲಿ ತಮ್ಮ ಇನುಕ್ಟಿಟುಟ್ ಭಾಷೆ ಇಲ್ಲ. ಇನ್ಯೂಟರದೇ ಪ್ರಸಾರ ಸಂಸ್ಥೆ ಶುರುವಾದ ಮೇಲೆ, 1983ರಲ್ಲಿ ಒಪ್ಪಿಕೊಂಡಿತು. ಆ ಊರಿನ ಝಕಾರಿಯಾಸ್ ಕುನುಕ್ ಕಲ್ಲಿನಲ್ಲಿ ಕೆತ್ತನೆ ಮಾಡುತ್ತಿದ್ದವರು, ಕೆತ್ತಿದ್ದನ್ನು ಮಾರಿ 1981ರಲ್ಲಿ ವಿಡಿಯೋ ಕ್ಯಾಮೆರಾ ಕೊಂಡರು. ಗೆಳೆಯರ ಜೊತೆ 'ಇಸುಮಾ' ಎಂಬ ಸಂಸ್ಥೆ ಕಟ್ಟಿದರು. 2001ರಲ್ಲಿ ಬಂದ ಅವರ 'ಅತನಾರ್ಜುವಾತ್' ಪೂರ್ತಿ ಇನುಕ್ಟಿಟುಟ್‌ನಲ್ಲಿರುವ ಮೊದಲ ಕಥಾಚಿತ್ರ. ಕಾನ್ ಚಿತ್ರೋತ್ಸವದಲ್ಲಿ ಮೊದಲ ಚಿತ್ರಕ್ಕೆ ಕೊಡುವ ಕ್ಯಾಮೆರಾ ದೋರ್ ಪ್ರಶಸ್ತಿ ಪಡೆಯಿತು. ಊರಿನ ಹಿರಿಯರು ಹೇಳುತ್ತಾ ಬಂದ ಕಥೆ, ಊರಿನ ಹೆಂಗಸರೇ ಹೊಲಿದ ತೊಗಲಿನ ಬಟ್ಟೆ.

ಈ ಚಿತ್ರದಲ್ಲೂ ಬಂದೂಕು ಇಲ್ಲ, ಈಟಿಯೇ ಇದೆ, ಯಾಕೆಂದರೆ ಇದು ಹಿಂದಿನ ಕಾಲದ ಕಥೆ. ಹಾಗಾದರೆ ಏನು ವ್ಯತ್ಯಾಸ? ಇದು ಹಿಂದಿನ ಕಾಲ ಅಂತ ಚಿತ್ರವೇ ಒಪ್ಪಿಕೊಳ್ಳುತ್ತದೆ. ಕೊನೆಯಲ್ಲಿ ಹೆಸರುಗಳು ಬರುವಾಗ, ಅದೇ ಜನ ಇವತ್ತಿನ ಜಾಕೆಟ್ ಹಾಕಿಕೊಂಡು, ಕ್ಯಾಮೆರಾ ಹಿಡಿದು ಹಿಮದ ಮೇಲೆ ಕೆಲಸ ಮಾಡುವುದನ್ನು ತೋರಿಸುತ್ತದೆ. ಅಲ್ಲಿ ಜಗಳ, ಹೊಟ್ಟೆಕಿಚ್ಚು, ಆಸೆ, ಕೊಲೆ ಎಲ್ಲ ಇದೆ. ಬರೀ ಮುಗ್ಧರಲ್ಲ, ಪೂರ್ತಿ ಮನುಷ್ಯರು. ಇನ್ನೊಂದು ಮಾತು, ನಿಮ್ಮ ಪ್ರಶ್ನೆಗೆ ಇದು ನೇರ ಸಂಬಂಧಿಸಿದ್ದು: ಈ ಚಿತ್ರಕ್ಕೆ ಕ್ಯಾಮೆರಾ ಹಿಡಿದ ನಾರ್ಮನ್ ಕೋನ್ ಇನ್ಯೂಟ್ ಅಲ್ಲ, ನ್ಯೂಯಾರ್ಕಿನವರು. ಇಗ್ಲೂಲಿಕ್‌ಗೆ ಹೋಗಿ ನೆಲೆಸಿ, ಇಸುಮಾದ ಸ್ಥಾಪಕರಲ್ಲಿ ಒಬ್ಬರಾಗಿ ಕೆಲಸ ಮಾಡಿದವರು. ಹೊರಗಿನವರಿಗೆ ಅಲ್ಲಿ ಜಾಗ ಇತ್ತು. ಯಾವ ಕಥೆ, ಹೇಗೆ ಹೇಳಬೇಕು ಎಂಬ ತೀರ್ಮಾನ ಮಾತ್ರ ಊರಿನವರ ಕೈಯಲ್ಲಿತ್ತು.

ನಮ್ಮಲ್ಲಿ ಹೇಗಿದೆ ನೋಡಿ. ಉತ್ತರ ಕನ್ನಡದ ಹಾಲಕ್ಕಿ ಸಮುದಾಯದ ತುಳಸಿ ಗೌಡ ಅವರು 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿಗಳಿಂದ ಪದ್ಮಶ್ರೀ ಪಡೆದ ಫೋಟೋ ನಿಮಗೆ ನೆನಪಿರಬಹುದು. ಬರಿಗಾಲು, ಮಣಿಸರ, ಹಾಲಕ್ಕಿ ಉಡುಗೆ. ದೇಶವೆಲ್ಲ ಹಂಚಿಕೊಂಡಿತು, ಸಂತೋಷವೇ. ಆದರೆ ಬಂದ ಬರಹಗಳಲ್ಲಿ ಎಷ್ಟೋ ಆ ಬರಿಗಾಲಿನಲ್ಲೇ ನಿಂತುಬಿಟ್ಟವು. ಅವರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಯಾಗಿ ವರ್ಷಗಟ್ಟಲೆ ದುಡಿದವರು. ಯಾವ ಮರದಿಂದ, ಯಾವಾಗ ಬೀಜ ತೆಗೆಯಬೇಕು ಎಂಬ ಅವರ ತಿಳಿವಳಿಕೆ ನಿಜವಾದ ವಿದ್ಯೆ. ಹಾಲಕ್ಕಿ ಒಕ್ಕಲಿಗರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂಬ ಬೇಡಿಕೆ ಎಷ್ಟೋ ಕಾಲದಿಂದ ಇದೆ, ಅದು ಆ ಫೋಟೋ ಜೊತೆ ಹೆಚ್ಚು ಓಡಾಡಲಿಲ್ಲ. 2024ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡಾಗಲೂ ಅದೇ ಫೋಟೋ ಮತ್ತೆ ಬಂತು.

ಕರಾವಳಿಯ 'ಕೊರಗ ವೇಷ' ಇದಕ್ಕಿಂತ ಕ್ರೂರವಾದದ್ದು. ಹಬ್ಬದ ದಿನಗಳಲ್ಲಿ ಮೈಗೆಲ್ಲ ಕಪ್ಪು ಬಳಿದುಕೊಂಡು, ಅಡಿಕೆ ಹಾಳೆಯ ಟೊಪ್ಪಿ ಇಟ್ಟುಕೊಂಡು ನಗಿಸುವ ವೇಷ. ಹಾಕಿದವರಿಗೆ ಅದು ಮೋಜು. ಅಲ್ಲಿನ ಆದಿವಾಸಿಗಳಾದ ಕೊರಗರ ಪಾಲಿಗೆ ಅದು ತಮ್ಮನ್ನು ಕೀಳಾಗಿ ನಡೆಸಿಕೊಂಡ ಅಜಲು ಪದ್ಧತಿಯ ನೆನಪು. ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವುದು, ಕಂಬಳಕ್ಕೆ ಮೊದಲು ಕೋಣಗಳ ಹಾಗೆ ಓಡಿಸುವುದು ಇಂಥದ್ದನ್ನೆಲ್ಲ ನಿಷೇಧಿಸುವುದಕ್ಕೆ ಕರ್ನಾಟಕ 2000ದಲ್ಲಿ ಕಾನೂನನ್ನೇ ಮಾಡಬೇಕಾಯಿತು. ಅಷ್ಟು ಅವಮಾನ ಉಂಡ ಜನರ ಮೈಬಣ್ಣವನ್ನು ಬಳಿದುಕೊಂಡು ಕುಣಿಯುವುದನ್ನು 'ಸುಮ್ನೆ ತಮಾಷೆಗೆ' ಅನ್ನುವುದು ನನಗೆ ಒಪ್ಪಿಗೆ ಇಲ್ಲ. ಕೊರಗ ಸಮುದಾಯದವರೇ ಇದನ್ನು ನಿಲ್ಲಿಸಿ ಎಂದು ಕೇಳುತ್ತಾ ಬಂದಿದ್ದಾರೆ.

ಹಾಗಾಗಿ ನಿಮ್ಮ ಕಿರುಚಿತ್ರ ಮಾಡಿ. ಆದರೆ ಸ್ಕ್ರಿಪ್ಟ್ ಮುಗಿಸಿಕೊಂಡು ಆದಿವಾಸಿಗಳ ಹಾಡಿಗೆ, ಅಂದರೆ ಅವರ ಊರಿಗೆ ಹೋಗಬೇಡಿ, ಮೊದಲು ಹೋಗಿ ಅವರು ಯಾವ ಕಥೆ ಹೇಳಬೇಕು ಅಂತಿದ್ದಾರೆ ಕೇಳಿ. ಹುಡುಗನ ಕೈಯಲ್ಲಿ ಮೊಬೈಲ್ ಇದ್ದರೆ, ಮನೆ ಮೇಲೆ ಡಿಶ್ ಇದ್ದರೆ ಫ್ರೇಮಿನಿಂದ ಆಚೆ ಸರಿಸಬೇಡಿ. ಅವರ ಭಾಷೆಯಲ್ಲೇ ಮಾತಾಡಿಸಿ, ಕೆಳಗೆ ಕನ್ನಡ ಹಾಕಿ. ನಟಿಸಿದವರಿಗೂ, ಹಾಡಿದವರಿಗೂ, ಕಾಡಿನ ದಾರಿ ತೋರಿಸಿದವರಿಗೂ ದುಡ್ಡು ಕೊಡಿ, ಅವರ ನಿಜವಾದ ಹೆಸರು ಹಾಕಿ. ಕೊನೆಯ ಎಡಿಟ್ ಮುಗಿಯುವ ಮೊದಲು ಅವರ ಜೊತೆ ಕೂತು ನೋಡಿ, ಬೇಡ ಅಂದ ದೃಶ್ಯವನ್ನು ತೆಗೆದುಬಿಡಿ, ಅದು ನಿಮಗೆ ಎಷ್ಟೇ ಇಷ್ಟವಾಗಿದ್ದರೂ.