ಆಗ್ರಾದ ರಾತ್ರಿಯ ಒಂದು ವಾಕ್ಯ

ತರಬೇತಿಗೆ ಬರುವ ಹೊಸ ಮಾಹಿತಿ ಅಧಿಕಾರಿಗಳಿಗೆ ಮೊದಲ ದಿನವೇ ನಾನೊಂದು ಕೆಲಸ ಕೊಡುತ್ತೇನೆ. ರಾತ್ರಿ ಬಹಳ ಹೊತ್ತಾಗಿದೆ, ಎರಡು ದೇಶಗಳ ಮಾತುಕತೆ ಮುರಿದಿದೆ, ಹೊರಗೆ ಕ್ಯಾಮೆರಾಗಳು ಕಾಯುತ್ತಿವೆ. ಹೇಳಿಕೆ ಬರೆಯಿರಿ, ಐದು ನಿಮಿಷ. ಹೆಚ್ಚಿನವರ ಮೊದಲ ಸಾಲಿನಲ್ಲೇ ‘ವಿಫಲ’ ಬಂದುಬಿಟ್ಟಿರುತ್ತದೆ. ಒಬ್ಬಿಬ್ಬರು ಎದುರಿನವರ ‘ಹಠಮಾರಿತನ’ವನ್ನೂ ಸೇರಿಸಿರುತ್ತಾರೆ. ಆಮೇಲೆ ರಾಜತಾಂತ್ರಿಕ ಅಧಿಕಾರಿಯಾಗಿದ್ದ ನಿರುಪಮಾ ರಾವ್ ಆಡಿದ ವಾಕ್ಯವನ್ನು ಬೋರ್ಡಿನ ಮೇಲೆ ಬರೆಯುತ್ತೇನೆ.

2001ರ ಜುಲೈ 16, ಆಗ್ರಾ. ಪ್ರಧಾನಿ ವಾಜಪೇಯಿ ಮತ್ತು ಪಾಕಿಸ್ತಾನದ ಅಧ್ಯಕ್ಷ ಮುಷರಫ್ ಮಾತುಕತೆಯ ಕೊನೆಯ ದಿನ. ಬೆಳಿಗ್ಗೆ ಮುಷರಫ್ ನಮ್ಮ ಸಂಪಾದಕರ ಜತೆ ಉಪಾಹಾರಕ್ಕೆ ಕೂತು ಕಾಶ್ಮೀರದ ಬಗ್ಗೆ ಆಡಿದ ಮಾತು ಟಿವಿಯಲ್ಲಿ ಬಂದಾಗಿತ್ತು. ನಮ್ಮ ಕಡೆಯವರು ಬಾಯಿ ಬಿಟ್ಟಿರಲಿಲ್ಲ. ಪ್ರಚಾರದ ಲೆಕ್ಕದಲ್ಲಿ ಆ ದಿನ ನಾವು ಸೋತಿದ್ದೆವು ಎಂದೇ ನನ್ನ ಅಭಿಪ್ರಾಯ. ತಡರಾತ್ರಿ ಎಲ್ಲ ಮುರಿದುಬಿದ್ದ ಮೇಲೆ ಕ್ಯಾಮೆರಾ ಮುಂದೆ ಬಂದವರು ವಿದೇಶಾಂಗ ಸಚಿವಾಲಯದ ಮೊದಲ ಮಹಿಳಾ ವಕ್ತಾರೆ ನಿರುಪಮಾ ರಾವ್. ಅವರು ಹೇಳಿದ್ದರ ಸಾರ ಇಷ್ಟು: ನಿರಾಶೆಯಾಗಿದೆ, ಪ್ರಕ್ರಿಯೆ ಶುರುವಾಗಿದೆ, ಪಯಣ ಆರಂಭವಾಗಿದೆ, ಆದರೆ ಒಪ್ಪಿತ ಜಂಟಿ ಹೇಳಿಕೆ ಎಂಬ ಗುರಿ ಮುಟ್ಟಿಲ್ಲ.

ನಿರಾಶೆಯನ್ನು ಮುಚ್ಚಿಡಲಿಲ್ಲ, ಹಾಗೆ ಮಾಡಿದ್ದರೆ ಕೂತ ವರದಿಗಾರರೇ ನಗುತ್ತಿದ್ದರು. ಆದರೆ ಕೈಗೂಡದೆ ಹೋದದ್ದು ಏನು? ಒಂದು ಕಾಗದ, ಅಷ್ಟೇ. ಯಾರ ತಪ್ಪೆಂಬುದು ವಾಕ್ಯದಲ್ಲಿ ಎಲ್ಲೂ ಇಲ್ಲ. ಇನ್ನು ‘ಪಯಣ’. ಮರುದಿನ ವಿದೇಶಾಂಗ ಸಚಿವ ಜಸ್ವಂತ್ ಸಿಂಗ್ ಸುದ್ದಿಗೋಷ್ಠಿಯಲ್ಲಿ ಶಾಂತಿಯ ಕಾರವಾನ್ (ಪಯಣಿಗರ ತಂಡ) ಮುಂದೆ ಸಾಗುತ್ತದೆ ಎಂದರು. ರಾತ್ರಿಯ ಪಯಣವೇ ಬೆಳಗಾಗುವಷ್ಟರಲ್ಲಿ ಕಾರವಾನ್ ಆಗಿತ್ತು. ಇಂಥ ಹೇಳಿಕೆ ಹತ್ತು ಕೈ ದಾಟಿ ಬರುತ್ತದೆ, ನಿಜ. ಟಿವಿಯಲ್ಲಿ ಕಾಣುವ ಮುಖ ಮಾತ್ರ ಒಂದೇ.

ಪದದ ಬೆಲೆ ನಾನು ಕಲಿತದ್ದು ಏಟು ತಿಂದು. ಇಲಾಖೆಯೊಂದರಲ್ಲಿದ್ದಾಗ ‘ಸದ್ಯಕ್ಕೆ ಯಾವ ಆತಂಕವೂ ಇಲ್ಲ’ ಎಂದು ಪ್ರಕಟಣೆ ಕೊಟ್ಟೆ. ಮಾರನೆಯ ದಿನ ಎಲ್ಲರೂ ಹಿಡಿದುಕೊಂಡದ್ದು ‘ಸದ್ಯಕ್ಕೆ’ಯನ್ನೇ. ಹಾಗಾದರೆ ಮುಂದೆ ಇದೆಯೇ ಎಂದು ವಾರವಿಡೀ ಫೋನು.

ಪತ್ರಿಕೆಗಳು ನಿರುಪಮಾ ರಾವ್ ಬಗ್ಗೆ ಬರೆಯುವಾಗ ‘ಮೊದಲ ಮಹಿಳೆ’ ಎಂಬಲ್ಲಿಗೇ ನಿಂತುಬಿಡುತ್ತವೆ. ಮೊದಲುಗಳು ಬೇಕಾದಷ್ಟಿವೆ: ಶ್ರೀಲಂಕಾಕ್ಕೆ ಮೊದಲ ಮಹಿಳಾ ಹೈಕಮಿಷನರ್, ಚೀನಾಕ್ಕೆ ಮೊದಲ ಮಹಿಳಾ ರಾಯಭಾರಿ. 2009ರಲ್ಲಿ ವಿದೇಶಾಂಗ ಕಾರ್ಯದರ್ಶಿಯಾದಾಗ ಮಾತ್ರ ಎರಡನೆಯವರು, ಚೋಕಿಲಾ ಅಯ್ಯರ್ ನಂತರ. ನನ್ನ ಕಣ್ಣಿಗೆ ಬೀಳುವುದು ಅದಕ್ಕೂ ಹಿಂದಿನದು. ಬೆಂಗಳೂರಿನ ಮೌಂಟ್ ಕಾರ್ಮೆಲ್‌ನಲ್ಲಿ ಓದಿ, 1973ರ ತಂಡದಲ್ಲಿ ವಿದೇಶಾಂಗ ಸೇವೆಗೆ ಸೇರಿ, ವರ್ಷಗಟ್ಟಲೆ ಚೀನಾದ ಫೈಲುಗಳಲ್ಲಿ ಮುಳುಗಿ, 1988ರಲ್ಲಿ ರಾಜೀವ್ ಗಾಂಧಿ ನಿಯೋಗದೊಂದಿಗೆ ಬೀಜಿಂಗ್‌ಗೆ ಹೋಗಿ ಬಂದವರು ಅವರು. ವಾಷಿಂಗ್ಟನ್‌ನಲ್ಲಿ ಪತ್ರಿಕಾ ವ್ಯವಹಾರವನ್ನೂ ನೋಡಿಕೊಂಡಿದ್ದರು. ಫೈಲು ಓದದ ವಕ್ತಾರರಿಗೆ ಯಾವ ಪದ ಕತ್ತರಿಸಬೇಕೆಂದೇ ತಿಳಿಯುವುದಿಲ್ಲ. ಅಂಥವರು ಕೈಗೆ ಕೊಟ್ಟದ್ದನ್ನು ಓದಿ ಎದ್ದು ಹೋಗುತ್ತಾರೆ.

2011ರಲ್ಲಿ ಲಿಬಿಯಾದಿಂದ ಭಾರತೀಯರನ್ನು ಕರೆತರುವಾಗ ನಿರುಪಮಾ ರಾವ್ ವಿದೇಶಾಂಗ ಕಾರ್ಯದರ್ಶಿ. ಸೌತ್ ಬ್ಲಾಕ್‌ನವರಿಗೆ, ಅಂದರೆ ವಿದೇಶಾಂಗ ಸಚಿವಾಲಯದವರಿಗೆ, ಇನ್ನೂ ಹೊಸದಾಗಿದ್ದ ಟ್ವಿಟರ್‌ನಲ್ಲಿ ತಾವೇ ಬರೆಯುತ್ತಿದ್ದರು. ಆಗ ಅಲ್ಲಿ 140 ಅಕ್ಷರಕ್ಕಿಂತ ಹೆಚ್ಚು ಬರೆಯುವ ಹಾಗಿರಲಿಲ್ಲ; ಆಗ್ರಾದ ಆ ರಾತ್ರಿ ದಾಟಿ ಬಂದವರಿಗೆ ಅದೇನೂ ಇಕ್ಕಟ್ಟು ಅನಿಸಿರಲಿಕ್ಕಿಲ್ಲ.